ನಿದ್ದೆಯಲ್ಲಿ ಹಲ್ಲು ಕಡಿಯೋದಕ್ಕೆ ಮೂರು ಗಾರ್ಡ್ ಹಾಕಿ ನೋಡಿದೆ

ಮೇಜಿನ ಮೇಲೆ ಮೂರು ಡಬ್ಬಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮೂರರಲ್ಲೂ ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಗಾರ್ಡ್ ಇವೆ. ಒಂದು ಆನ್‌ಲೈನ್‌ನಲ್ಲಿ ತರಿಸಿದ್ದು, 480 ರೂಪಾಯಿ. ಇನ್ನೊಂದು ನಮ್ಮೂರು ಹರಿಹರದ ಕ್ಲಿನಿಕ್ಕಿನಲ್ಲಿ ಮಾಡಿಸಿದ ಮೆತ್ತನೆಯದು, 2,800. ಮೂರನೆಯದು ದಾವಣಗೆರೆಯ ಡೆಂಟಲ್ ಕಾಲೇಜೊಂದರಲ್ಲಿ ಮಾಡಿಸಿದ ಗಟ್ಟಿ ಅಕ್ರಿಲಿಕ್ ಗಾರ್ಡ್. ಚೀಟಿ, ಎಕ್ಸ್‌ರೇ ಎಲ್ಲ ಸೇರಿ 1,650.

ಒಂದು ವರ್ಷದಿಂದ ನಾನು ಹಾಕಿಕೊಂಡು ಮಲಗುತ್ತಿರುವುದು ಈ ಮೂರನೆಯದನ್ನೇ. ಮೊದಲ ಎರಡಕ್ಕೆ ದುಡ್ಡು ಹಾಕದೆ ನೇರ ಇಲ್ಲಿಗೇ ಹೋಗಬೇಕಿತ್ತು. ನಮ್ಮ ಆಫೀಸಿನಲ್ಲೇ ಇಬ್ಬರಿಗೆ ಇದೇ ತೊಂದರೆ ಇದೆ. ಅವರೂ ಮೊದಲು 480 ರೂಪಾಯಿಯದನ್ನೇ ತರಿಸುವ ಯೋಚನೆಯಲ್ಲಿದ್ದಾರೆ. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ನೋಡುತ್ತೇನೆ. ಮಾರ್ಚ್ ಬಂತಂದರೆ ವರ್ಷದ ಲೆಕ್ಕ ಮುಗಿಸುವ ಒತ್ತಡ. ಎರಡು ವರ್ಷದ ಹಿಂದೆ ಅಂಥದ್ದೇ ಒಂದು ಮಾರ್ಚ್‌ನಲ್ಲಿ ನಮ್ಮನೆಯವರು ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿದರು. "ಏನೇ ಇದು, ಹಲ್ಲು ಈ ಪಾಟಿ ಕಡೀತಿದೀಯ? ಬೀಸೋ ಕಲ್ಲಿಗೆ ಹರಳು ಸಿಕ್ಕಂಗೆ ಸದ್ದು ಬರ್ತಿದೆ" ಅಂದರು. ನನಗೆ ಒಂದು ಚೂರೂ ಗೊತ್ತಿರಲಿಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಎರಡೂ ಕಣತಲೆ ನೋವು, ಬಾಯಿ ತೆರೆಯೋಕೆ ಬಿಗಿ, ರೊಟ್ಟಿ ಜಗಿಯುವಾಗ ಕಿವಿಯ ಮುಂದೆ ಟಕ್ ಅನ್ನೋದು, ಇವೆಲ್ಲ ಅದಕ್ಕೂ ಆರು ತಿಂಗಳು ಮೊದಲಿಂದ ಇದ್ದವು. ತಲೆನೋವು ಕಣ್ಣಿಂದ ಅಂದುಕೊಂಡು ಕನ್ನಡಕ ಬೇರೆ ಬದಲಾಯಿಸಿದ್ದೆ. ರಾತ್ರಿಯ ಸದ್ದಿಗೂ ಹಗಲಿನ ತಲೆನೋವಿಗೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

ಅತ್ತೆ ಕೇಳಿದ ತಕ್ಷಣ "ಹೊಟ್ಟೇಲಿ ಹುಳ ಆಗಿರುತ್ತೆ ಕಣಮ್ಮ, ಒಂದು ಮಾತ್ರೆ ತಗೋ" ಅಂದರು. ನಮ್ಮ ಕಡೆ ಎಲ್ಲ ಮನೆಯಲ್ಲೂ ಮೊದಲು ಬರುವ ಮಾತು ಇದೇ ಅಲ್ವಾ? ಅವರ ಸಮಾಧಾನಕ್ಕೆ ಅಂತ ತಗೊಂಡೆ. ಮಕ್ಕಳಿಗೆ ಶಾಲೆಯಲ್ಲಿ ಜಂತುಹುಳು ದಿನ ಕೊಡುತ್ತಾರಲ್ಲ, ಅದೇ 400 ಮಿಲಿಗ್ರಾಂ ಅಲ್ಬೆಂಡಜೋಲ್. ಹಲ್ಲು ಕಡಿಯೋದು ನಿಲ್ಲಲಿಲ್ಲ. ಹುಳಕ್ಕೂ ಹಲ್ಲಿಗೂ ಸಂಬಂಧ ಇದೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ ಅಂತ ಆಮೇಲೆ ಡಾಕ್ಟರೂ ಹೇಳಿದರು.

480 ರೂಪಾಯಿಯದು

ಇದು ಕುದುರೆ ಲಾಳದ ಆಕಾರದ ಪ್ಲಾಸ್ಟಿಕ್. ಬಿಸಿನೀರಿನಲ್ಲಿ ಅದ್ದಿ, ಮೆತ್ತಗಾದ ಮೇಲೆ ಬಾಯಲ್ಲಿಟ್ಟು ಕಚ್ಚಬೇಕು. ಆಗ ನಮ್ಮ ಹಲ್ಲಿನ ಅಚ್ಚು ಅದರಲ್ಲಿ ಮೂಡುತ್ತದೆ. ಮೊದಲ ಸಲ ಕಚ್ಚಿದ್ದು ಸೊಟ್ಟ ಆಯಿತು. ಎರಡನೇ ಸಲ ಪರವಾಗಿಲ್ಲ ಅನ್ನೋ ಹಾಗೆ ಬಂತು.

ದಪ್ಪ ಜಾಸ್ತಿ. ಅದನ್ನು ಹಾಕಿಕೊಂಡರೆ ತುಟಿ ಮುಚ್ಚುತ್ತಿರಲಿಲ್ಲ. ರಾತ್ರಿಯೆಲ್ಲ ಬಾಯಿ ತೆರೆದು ಮಲಗಿ ಗಂಟಲು ಒಣಗುತ್ತಿತ್ತು, ದಿಂಬು ಜೊಲ್ಲಿನಿಂದ ಒದ್ದೆ. ಹಿಂದಿನ ಅಂಚು ನಾಲಿಗೆಯ ಬುಡಕ್ಕೆ ತಾಗಿ ವಾಕರಿಕೆ ಬರುತ್ತಿತ್ತು. ಅಂಚನ್ನು ಕತ್ತರಿಯಿಂದ ಕತ್ತರಿಸಿದೆ, ಕತ್ತರಿಸಿದ ಜಾಗ ಒಸಡಿಗೆ ಚುಚ್ಚಿತು. ಒಂದು ತಿಂಗಳಲ್ಲಿ ಹೆಚ್ಚೆಂದರೆ ಹನ್ನೆರಡು ರಾತ್ರಿ ಹಾಕಿಕೊಂಡಿರಬಹುದು. ಅಷ್ಟರಲ್ಲಿ ಮನೆಯಲ್ಲಿ ಯಾರೋ ಚೊಕ್ಕ ಆಗಲಿ ಅಂತ ಕುದಿಯುವ ನೀರು ಹಾಕಿ ತೊಳೆದರು, ಅದು ಮತ್ತೆ ಮೆತ್ತಗಾಗಿ ಅಚ್ಚೇ ಅಳಿಸಿಹೋಯಿತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಒಂದು ಒಳ್ಳೆಯದೂ ಇದೆ. ಅದನ್ನು ಹಾಕಿದ ರಾತ್ರಿ ಸದ್ದು ಇರಲಿಲ್ಲ, ಮನೆಯವರಿಗೆ ನಿದ್ದೆ ಬಂತು. ಹಲ್ಲಿಗೂ ಹಲ್ಲಿಗೂ ನಡುವೆ ಏನಾದರೂ ಇದ್ದರೆ ಸದ್ದು ನಿಲ್ಲುತ್ತೆ ಅನ್ನೋದು ಅದರಿಂದ ತಿಳಿಯಿತು. ನನ್ನ ದವಡೆ ನೋವು ಮಾತ್ರ ಹಾಗೇ ಇತ್ತು.

2,800ರ ಮೆತ್ತನೆಯ ಗಾರ್ಡ್

ಇದರ ಬಗ್ಗೆಯೇ ಜಾಸ್ತಿ ಬರೆಯಬೇಕು. ಊರೂರಿನ ಕ್ಲಿನಿಕ್ಕುಗಳಲ್ಲಿ ಬೇಗ ಸಿಗುವುದು ಇದೇ, ಮತ್ತು ಮೇಲ್ನೋಟಕ್ಕೆ ಇದರಲ್ಲಿ ಯಾವ ತಪ್ಪೂ ಕಾಣುವುದಿಲ್ಲ.

ಡಾಕ್ಟರು ಹಲ್ಲಿನ ಅಳತೆ ತೆಗೆದರು. ಆ ಅಳತೆಯಿಂದ ಪ್ಲಾಸ್ಟರಿನ ಹಲ್ಲು ಮಾಡಿ, ಅದರ ಮೇಲೆ ಬಿಸಿ ಮಾಡಿದ ರಬ್ಬರಿನಂಥ ಹಾಳೆಯನ್ನು ಯಂತ್ರದಲ್ಲಿ ಎಳೆದು ಕೂರಿಸುತ್ತಾರೆ. ನಾಲ್ಕು ದಿನಕ್ಕೆ ಕೈಗೆ ಬಂತು. ಹಾಕಿಕೊಂಡಾಗ ಎಷ್ಟು ಹಿತ ಅಂದರೆ, ಇಷ್ಟು ದಿನ ಸುಮ್ನೆ ಒದ್ದಾಡಿದೆನಲ್ಲ ಅನ್ನಿಸಿತು. ಹಲ್ಲಿಗೆ ಸರಿಯಾಗಿ ಕೂತಿತ್ತು, ತುಟಿ ಮುಚ್ಚುತ್ತಿತ್ತು, ಎಲ್ಲೂ ಚುಚ್ಚುತ್ತಿರಲಿಲ್ಲ. ಮೊದಲ ವಾರ ಸಿಕ್ಕವರಿಗೆಲ್ಲ ಅದನ್ನೇ ಹೇಳಿದೆ.

ಎರಡನೇ ವಾರದಿಂದ ಬಲಗಡೆಯ ದವಡೆ ಹಿಡಿದುಕೊಳ್ಳಲು ಶುರುವಾಯಿತು. ಮುಂಚೆ ಎರಡೂ ಕಡೆ ಸಣ್ಣಗೆ ನೋಯುತ್ತಿತ್ತು, ಈಗ ಬರೀ ಬಲಗಡೆ, ಆದರೆ ಜೋರಾಗಿ. ಬೆಳಿಗ್ಗೆ ದೋಸೆಯ ತುಂಡು ಬಾಯಿಗಿಡುವಷ್ಟೂ ಬಾಯಿ ತೆರೆಯುತ್ತಿರಲಿಲ್ಲ. ಬೆರಳಿಟ್ಟು ನೋಡಿದರೆ ಕೆನ್ನೆಯ ಸ್ನಾಯು ಗಂಟು ಕಟ್ಟಿದ ಹಾಗೆ ಗಟ್ಟಿ.

ಒಂದು ರಾತ್ರಿ ಕನ್ನಡಿ ಮುಂದೆ ಕೂತು ಗಾರ್ಡ್ ಹಾಕಿಕೊಂಡು ಮೆಲ್ಲಗೆ ಬಾಯಿ ಮುಚ್ಚಿದೆ. ಬಲಗಡೆಯ ಹಿಂದಿನ ಹಲ್ಲು ಮೊದಲು ತಾಗುತ್ತಿದೆ ಅನ್ನಿಸಿತು. ಖಾತ್ರಿ ಮಾಡಿಕೊಳ್ಳೋಣ ಅಂತ ಪರ್ಸಿನಲ್ಲಿದ್ದ ಬಸ್ ಟಿಕೆಟ್ ತೆಗೆದೆ. ಶಕ್ತಿ ಯೋಜನೆಯಲ್ಲಿ ನಮಗೆ ಕೊಡುವ ಶೂನ್ಯ ಟಿಕೆಟ್, ತೆಳ್ಳಗಿನ ಕಾಗದ. ಅದನ್ನು ಉದ್ದಕ್ಕೆ ಹರಿದು, ಒಂದು ತುಂಡನ್ನು ಎಡಗಡೆಯ ಹಲ್ಲಿಗೂ ಗಾರ್ಡಿಗೂ ನಡುವೆ ಇಟ್ಟು ಕಚ್ಚಿ ಎಳೆದೆ. ಸಲೀಸಾಗಿ ಜಾರಿ ಬಂತು. ಬಲಗಡೆ ಇಟ್ಟು ಎಳೆದರೆ ಕಾಗದ ಹರಿಯಿತೇ ಹೊರತು ಬಿಡಲಿಲ್ಲ. ಮುಂದಿನ ಹಲ್ಲುಗಳಿಗೆ ಇಟ್ಟರೆ ಹಿಡಿತವೇ ಇಲ್ಲ. ಅಂದರೆ ರಾತ್ರಿ ನಾನು ಹಲ್ಲು ಕಚ್ಚುವ ಬಲವೆಲ್ಲ ಬಲಗಡೆಯ ಒಂದೆರಡು ಹಲ್ಲಿನ ಮೇಲೇ ಬೀಳುತ್ತಿತ್ತು.

ಇದಕ್ಕೆ ಕಾರಣ ಆಮೇಲೆ ಕಾಲೇಜಿನಲ್ಲಿ ಗೊತ್ತಾಯಿತು. ಹಾಳೆ ಮುಂದೆಯೂ ಹಿಂದೆಯೂ ಹೆಚ್ಚುಕಡಿಮೆ ಒಂದೇ ದಪ್ಪ ಇರುತ್ತದೆ. ಆದರೆ ದವಡೆ ನೇರ ಮೇಲಕ್ಕೆ ಏಳುವುದಿಲ್ಲ, ಅಡಕತ್ತರಿಯ ಹಾಗೆ ಹಿಂದಿನ ಕೀಲಿನಿಂದ ಮುಚ್ಚುತ್ತದೆ. ಅಡಕತ್ತರಿಯ ಕೀಲಿನ ಹತ್ತಿರ ಅಡಿಕೆ ಸಿಕ್ಕಿಸಿದರೆ ಮುಂದಿನ ಬಾಯಿ ಮುಚ್ಚಲ್ಲ ನೋಡಿ, ಹಾಗೆ. ಹಿಂದಿನ ಹಲ್ಲು ಮೊದಲು ತಾಗುತ್ತದೆ, ಮುಂದೆ ಸಂದು ಉಳಿಯುತ್ತದೆ. ನನ್ನ ಬಲಗಡೆಯ ಒಂದು ಹಲ್ಲು ಸ್ವಲ್ಪ ಎತ್ತರ ಇದ್ದದ್ದರಿಂದ ಎಲ್ಲ ಭಾರ ಅಲ್ಲಿಗೇ ಹೋಯಿತು.

ಸರಿ, ತಾಗುವ ಜಾಗ ಸ್ವಲ್ಪ ಉಜ್ಜಿದರೆ ಆಯಿತಲ್ಲ ಅಂದುಕೊಂಡು ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ನೀಲಿ ಕಾಗದ ಕಚ್ಚಿಸಿ ಗುರುತು ಮಾಡಿದರು. ಡ್ರಿಲ್ಲಿನಿಂದ ಉಜ್ಜಲು ಹೋದರೆ ರಬ್ಬರಿನಂಥ ಆ ವಸ್ತು ಸವೆಯಲೇ ಇಲ್ಲ. ಎಳೆ ಎಳೆಯಾಗಿ ಎದ್ದು ಡ್ರಿಲ್ಲಿನ ತುದಿಗೆ ಸುತ್ತಿಕೊಂಡಿತು. ಎದ್ದ ಎಳೆಗಳನ್ನು ಬೆಂಕಿಯ ಕಾವು ತೋರಿಸಿ ಮೆತ್ತಿದರು. ಮತ್ತೆ ಕಚ್ಚಿ ನೋಡಿದರೆ ಗುರುತು ಅಲ್ಲೇ. ಇನ್ನೊಮ್ಮೆ ಉಜ್ಜಿದರು, ಈಗ ಆ ಜಾಗ ತರಿತರಿಯಾಗಿ ನಾಲಿಗೆಗೆ ಒರಟಾಗಿ ಸಿಗತೊಡಗಿತು. "ಅಭ್ಯಾಸ ಆಗುತ್ತೆ ಮೇಡಂ, ಒಂದು ತಿಂಗಳು ನೋಡಿ" ಅಂದರು.

ಒಂದು ತಿಂಗಳು ನೋಡಿದೆ. ಅಭ್ಯಾಸ ಆಗಲಿಲ್ಲ. ಮತ್ತೆ ಹೋದೆ, ಮತ್ತೆ ಅದೇ ಉಜ್ಜುವುದು, ಅದೇ ಎಳೆ. ಅವರು ಮನಸ್ಸಿಟ್ಟೇ ಮಾಡಿದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಸ್ತುವಿನ ಗುಣವೇ ಹಾಗೆ. ಕೂದಲೆಳೆಯಷ್ಟು ಎತ್ತರ ತಗ್ಗಿಸುವ ಕೆಲಸಕ್ಕೆ ಅದು ಒಗ್ಗುವುದಿಲ್ಲ. ಮೂರು ತಿಂಗಳು ದಾಟುವಾಗ ಬಲಗಡೆ ಹಿಂದೆ ಗಾರ್ಡ್ ತೂತು ಬಿತ್ತು. ಈಗ ಬೆಳಕಿಗೆ ಹಿಡಿದರೆ ಆ ತೂತು ಸಾಸಿವೆ ಕಾಳಿನಷ್ಟಿದೆ. ಸುತ್ತ ಹಲ್ಲಿನ ಮೊನೆ ಊರಿದ ಗುಳಿಗಳು ಇವೆ. ಎಡಗಡೆ ಹೊಸದರ ಹಾಗೆ ನುಣುಪಾಗಿದೆ.

ಅದೇ ತಿಂಗಳು ಒಂದು ಸಂಜೆ ಮಂಡಕ್ಕಿ ತಿನ್ನುವಾಗ ಬಲಗಡೆ ದವಡೆ ಹಲ್ಲಿನ ಒಂದು ಮೂಲೆ ಮುರಿದು ಕೈಗೆ ಬಂತು. ಮಂಡಕ್ಕಿಗೆ ಹಲ್ಲು ಮುರಿಯುತ್ತಾ? ಅದರಲ್ಲಿ ಮೊದಲೇ ಬಿರುಕು ಇದ್ದಿರಬೇಕು ಅಂತ ಆಮೇಲೆ ಡಾಕ್ಟರು ಅಂದರು. ಗಾರ್ಡಿನಿಂದಲೇ ಮುರಿಯಿತು ಅಂತ ನಾನು ಹೇಳಲಾರೆ. ಆದರೆ ಮೂರು ತಿಂಗಳು ಎಲ್ಲ ಭಾರವನ್ನೂ ಹೊತ್ತಿದ್ದು ಆ ಹಲ್ಲೇ. ಆ ಸಂಜೆ ಮುರಿದ ಚೂರನ್ನು ಅಂಗೈಯಲ್ಲಿ ಇಟ್ಟುಕೊಂಡು ಅತ್ತುಬಿಟ್ಟೆ. ಬಿದ್ದ ಹಲ್ಲು ಈ ವಯಸ್ಸಿಗೆ ಮತ್ತೆ ಬರುವುದಿಲ್ಲ.

ಮೆತ್ತನೆಯದು ಎಲ್ಲರಿಗೂ ಕೆಟ್ಟದ್ದಲ್ಲ. ಅಪರೂಪಕ್ಕೆ, ಸಣ್ಣಗೆ ಹಲ್ಲು ಕಡಿಯುವವರಿಗೆ ಸಾಕಾಗುತ್ತದೆ. ಕೆಲವರಿಗೆ ಮಾತ್ರ ಬಾಯಲ್ಲಿ ಮೆತ್ತಗೆ ಏನಾದರೂ ಸಿಕ್ಕರೆ ದವಡೆ ನಿದ್ದೆಯಲ್ಲೇ ಅದನ್ನು ಇನ್ನೂ ಜಾಸ್ತಿ ಜಗಿಯುತ್ತದೆ. ನಾನು ಆ ಗುಂಪಿನವಳು.

ಗಟ್ಟಿ ಗಾರ್ಡ್

ಹರಿಹರದಿಂದ ದಾವಣಗೆರೆಗೆ 14 ಕಿಲೋಮೀಟರ್. ಬಸ್ಸಿಗೆ ದುಡ್ಡು ಬೇಡ, ಹೊತ್ತು ಬೇಕು. ಕಾಲೇಜಿನಲ್ಲಿ ಬೆಳಿಗ್ಗೆ ಚೀಟಿ ಮಾಡಿಸಿ, ಮೊದಲು ಒಂದು ವಿಭಾಗದಲ್ಲಿ ತೋರಿಸಿ, ಅವರು ಬರೆದುಕೊಟ್ಟ ಮೇಲೆ ಹಲ್ಲು ಕಟ್ಟುವ ವಿಭಾಗಕ್ಕೆ, ಅಂದರೆ ಪ್ರಾಸ್ಥೊಡಾಂಟಿಕ್ಸ್‌ಗೆ ಹೋಗಬೇಕು. ಮೊದಲ ದಿನ ಮಧ್ಯಾಹ್ನ ಎರಡರವರೆಗೆ ಕೂತಿದ್ದೆ.

ನನ್ನನ್ನು ನೋಡಿದ್ದು ಪಿಜಿ ಮಾಡುತ್ತಿರುವ ಒಬ್ಬ ಹುಡುಗಿ, ಹಿಂದೆ ಅವಳ ಮೇಡಂ. ಅವಳು ಕೇಳಿದ ಪ್ರಶ್ನೆಗಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗೊರಕೆ ಇದೆಯಾ? ನಿದ್ದೆಯಲ್ಲಿ ಉಸಿರು ಕಟ್ಟಿದಂತೆ ಆಗಿ ಏಳುತ್ತೀರಾ? ಮನಸ್ಸಿನ ಖಿನ್ನತೆಗೆ ಏನಾದರೂ ಮಾತ್ರೆ ತಗೊಳ್ತಿದ್ದೀರಾ? ಸಂಜೆ ಮೇಲೆ ಎಷ್ಟು ಕಾಫಿ? ಗೊರಕೆ ಜೋರಾಗಿದ್ದು ಉಸಿರು ನಿಂತು ನಿಂತು ಬರುವವರಿಗೆ ಮೊದಲು ಅದನ್ನು ಪರೀಕ್ಷೆ ಮಾಡಿಸಬೇಕಂತೆ, ಸುಮ್ನೆ ಗಾರ್ಡ್ ಕೊಟ್ಟು ಕಳಿಸಬಾರದಂತೆ. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯೋದು ಶುರುವಾಗಬಹುದು. ಹಾಗಂತ ಆ ಮಾತ್ರೆಯನ್ನು ನಾವಾಗಿಯೇ ನಿಲ್ಲಿಸಬಾರದು, ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು. ನನಗೆ ಇದ್ದದ್ದು ಕಾಫಿ ಮತ್ತು ಮಾರ್ಚ್.

ಮೊದಲು ಮುರಿದ ಹಲ್ಲಿಗೆ ಕ್ಯಾಪ್ ಹಾಕಿದರು. ಅದರ ಖರ್ಚು ಬೇರೆ, 1,650ರಲ್ಲಿ ಸೇರಿಲ್ಲ. ಇದನ್ನು ದಯವಿಟ್ಟು ನೆನಪಿಡಿ: ಹುಳುಕು ತುಂಬಿಸುವುದು, ಕ್ಯಾಪ್ ಹಾಕಿಸುವುದು ಏನಿದ್ದರೂ ಗಾರ್ಡಿನ ಅಳತೆಗೆ ಮೊದಲೇ ಮುಗಿಸಿಕೊಳ್ಳಿ. ಆಮೇಲೆ ಹಲ್ಲಿನ ಆಕಾರ ಬದಲಾದರೆ ಗಾರ್ಡ್ ಕೂರುವುದಿಲ್ಲ. ನನ್ನ ಹಳೇ ಮೆತ್ತನೆಯದು ಕ್ಯಾಪ್ ಬಂದ ಮೇಲೆ ಹಲ್ಲಿಗೆ ಏರಲೇ ಇಲ್ಲ.

ಅಳತೆ ಕೊಟ್ಟು ಹತ್ತು ದಿನಕ್ಕೆ ಗಾರ್ಡ್ ಬಂತು. ಮೇಲಿನ ಹಲ್ಲಿಗೆ ಹಾಕುವುದು, ಗಾಜಿನ ಹಾಗೆ ಪಾರದರ್ಶಕ, ಕೆಳಗಡೆ ಸಮತಟ್ಟು. ಬಾಯಲ್ಲಿಟ್ಟ ಕೂಡಲೇ ಬಲಗಡೆ ತಾಗಿತು. ಅಯ್ಯೋ ಮತ್ತೆ ಅದೇ ಅಂದುಕೊಂಡೆ. ಆದರೆ ಅವಳು ನೀಲಿ ಕಾಗದ ಕಚ್ಚಿಸಿದಳು, ಗುರುತು ಬಿದ್ದ ಜಾಗ ಉಜ್ಜಿದಳು, ಬಿಳಿ ಪುಡಿ ಉದುರಿತು. ಮತ್ತೆ ಕಚ್ಚಿ. ಮತ್ತೆ ಉಜ್ಜಿದಳು. ಎಷ್ಟು ಸಲ ಅಂತ ಲೆಕ್ಕ ತಪ್ಪಿತು. ಗಡಿಯಾರ ನೋಡಿಕೊಂಡಿದ್ದೆ, ಒಂದು ಗಂಟೆ ಇಪ್ಪತ್ತು ನಿಮಿಷ ಬರೀ ಇದೇ ಕೆಲಸ. ಕೊನೆಗೆ ಗಾರ್ಡನ್ನು ನನ್ನ ಕೈಗೆ ಕೊಟ್ಟು "ನೋಡಿ ಮೇಡಂ" ಅಂದಳು. ಕೆಳಗಿನ ಒಂದೊಂದು ಹಲ್ಲಿಗೂ ಒಂದೊಂದು ನೀಲಿ ಚುಕ್ಕಿ, ಎಡಕ್ಕೂ ಬಲಕ್ಕೂ ಸಮನಾಗಿ, ರಂಗೋಲಿಗೆ ಇಟ್ಟ ಹಾಗೆ. ಆಮೇಲೆ ಕೆಂಪು ಕಾಗದ ಹಾಕಿ ದವಡೆಯನ್ನು ಆಚೀಚೆ ಆಡಿಸಿದಳು. ಪಕ್ಕಕ್ಕೆ ಸರಿಸಿದಾಗ ಕೋರೆ ಹಲ್ಲಿನ ಹತ್ತಿರ ಮಾತ್ರ ಗೆರೆ ಬರಬೇಕು, ಹಿಂದಿನ ಹಲ್ಲು ಬಿಡುಗಡೆಯಾಗಬೇಕು ಅಂತ ವಿವರಿಸಿದಳು.

ಮನೆಗೆ ಬಂದು ಟಿಕೆಟ್ ತುಂಡಿನ ಪರೀಕ್ಷೆ ಮಾಡಿದೆ. ಎರಡೂ ಕಡೆ ಒಂದೇ ಹಿಡಿತ.

ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಒಂದು ವಾರಕ್ಕೆ, ಮೂರು ವಾರಕ್ಕೆ, ಎರಡು ತಿಂಗಳಿಗೆ ಮತ್ತೆ ಕರೆದರು. ಬಿಗಿದ ಸ್ನಾಯು ಸಡಿಲ ಆದಂತೆ ದವಡೆ ಕೂರುವ ಜಾಗವೇ ಸ್ವಲ್ಪ ಬದಲಾಗುತ್ತದಂತೆ, ಆಗ ಚುಕ್ಕಿಗಳು ಮತ್ತೆ ಏರುಪೇರು ಆಗುತ್ತವೆ. ಪ್ರತಿ ಸಲ ಹತ್ತು ಹದಿನೈದು ನಿಮಿಷ ಉಜ್ಜಿ, ನುಣುಪು ಮಾಡಿ ಕೊಟ್ಟರು. ಈ ಉಜ್ಜುವ ಕೆಲಸಕ್ಕೇ ನಾವು ದುಡ್ಡು ಕೊಡಬೇಕಾದ್ದು, ಪ್ಲಾಸ್ಟಿಕ್ಕಿಗಲ್ಲ. ಎಲ್ಲಿಗೇ ಹೋದರೂ, ಗಾರ್ಡ್ ಕೊಟ್ಟ ಮೇಲೆ ಎಷ್ಟು ಸಲ ಕೂರಿಸಿ ಸರಿ ಮಾಡಿಕೊಡುತ್ತೀರಿ ಅಂತ ಮೊದಲೇ ಕೇಳಿ.

ತೊಂದರೆ ಇಲ್ಲವೇ ಅಂದರೆ ಇದೆ. ಮೊದಲ ವಾರ ಎಂಜಲು ಜಾಸ್ತಿ. ಹಾಕಿಕೊಂಡು ಮಾತಾಡಿದರೆ ಸ, ಚ ಸರಿಯಾಗಿ ಹೊರಡುವುದಿಲ್ಲ, ಹಾಗಾಗಿ ಮಗಳಿಗೆ ಕಥೆ ಹೇಳಿ ಮುಗಿಸಿದ ಮೇಲೇ ಹಾಕಿಕೊಳ್ಳುತ್ತೇನೆ. ಬೆಳಿಗ್ಗೆ ತೆಗೆದ ಮೇಲೆ ಐದು ನಿಮಿಷ ನನ್ನ ಹಲ್ಲು ನನ್ನದಲ್ಲ ಅನ್ನಿಸುತ್ತದೆ. ತಣ್ಣೀರು, ಮೆತ್ತನೆ ಬ್ರಶ್, ಒಂದು ತೊಟ್ಟು ಕೈ ತೊಳೆಯುವ ಸೋಪು, ಇಷ್ಟೇ. ಪೇಸ್ಟ್ ಹಚ್ಚಿದರೆ ಗೀರು ಬೀಳುತ್ತದೆ. ಬಿಸಿನೀರು ಬೇಡವೇ ಬೇಡ.

ಹಲ್ಲು ಕಡಿಯೋದು ನಿಂತಿತಾ? ಇಲ್ಲ. ಯಾವ ಗಾರ್ಡೂ ಅದನ್ನು ನಿಲ್ಲಿಸುವುದಿಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಕರಕರ ಸದ್ದು ಹೋಗಿ ಮೆಲ್ಲಗೆ ಉಜ್ಜಿದ ಸದ್ದು ಆಗಾಗ ಬರುತ್ತೆ ಅಂತಾರೆ ಮನೆಯವರು. ಗಾರ್ಡಿನ ಮೇಲೆ ಕೋರೆ ಹಲ್ಲಿನ ಜಾಗದಲ್ಲಿ ಮಂಕಾದ ಗೀರುಗಳು ಮೂಡಿವೆ. ಬೆರಳು ಆಡಿಸಿದರೆ ಉಗುರಿಗೆ ಸಿಗುತ್ತವೆ. ಆ ಗೀರು ಹಲ್ಲಿನ ಮೇಲೆ ಬೀಳಬೇಕಿದ್ದದ್ದು. ವಾರಕ್ಕೆ ನಾಲ್ಕೈದು ದಿನ ಇದ್ದ ಬೆಳಗಿನ ತಲೆನೋವು ಈಗ ವಾರಕ್ಕೊಂದು ದಿನ ಬಂದರೆ ಹೆಚ್ಚು. ರೊಟ್ಟಿ ತಿನ್ನುತ್ತೇನೆ. ಟಕ್ ಅನ್ನೋದು ಇನ್ನೂ ಇದೆ, ಆದರೆ ನೋವಿಲ್ಲ.

ಇದರ ಜೊತೆ ದುಡ್ಡಿಲ್ಲದ ಒಂದು ಪಾಠವನ್ನೂ ಹೇಳಿಕೊಟ್ಟರು. ಊಟ ಬಿಟ್ಟು ಬೇರೆ ಹೊತ್ತಿನಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಬಾರದು. ತುಟಿ ಸೇರಿರಲಿ, ಹಲ್ಲು ಬಿಟ್ಟಿರಲಿ. ಗಮನಿಸಿದರೆ ನಾನು ಲೆಕ್ಕ ತಾಳೆ ನೋಡುವಾಗೆಲ್ಲ ಹಲ್ಲು ಕಚ್ಚಿಕೊಂಡೇ ಇರುತ್ತಿದ್ದೆ! ಕಂಪ್ಯೂಟರಿನ ಅಂಚಿಗೆ ಒಂದು ಹಳದಿ ಚೀಟಿ ಅಂಟಿಸಿದ್ದೇನೆ. ಅದು ಕಂಡಾಗೆಲ್ಲ ದವಡೆ ಸಡಿಲ ಬಿಡುತ್ತೇನೆ. ನಾಲ್ಕು ಗಂಟೆ ಮೇಲಿನ ಕಾಫಿ ಬಿಟ್ಟೆ. ಮಲಗುವ ಮುಂಚೆ ಕೆನ್ನೆಗೆ ಬಿಸಿ ಬಟ್ಟೆ ಶಾಖ, ಹತ್ತು ನಿಮಿಷ. ಇವು ಎಷ್ಟು ಕೆಲಸ ಮಾಡಿವೆ, ಗಾರ್ಡ್ ಎಷ್ಟು ಮಾಡಿದೆ ಅಂತ ಬಿಡಿಸಿ ಹೇಳಲು ನನ್ನಿಂದ ಆಗದು.

ಬೊಟಾಕ್ಸ್ ಇಂಜೆಕ್ಷನ್ ಬಗ್ಗೆಯೂ ಬೆಂಗಳೂರಿನಲ್ಲಿ ವಿಚಾರಿಸಿದ್ದೆ. ಎರಡೂ ಕೆನ್ನೆಗೆ ಸೇರಿ ಇಪ್ಪತ್ತು ಸಾವಿರದ ಮೇಲೆ ಹೇಳಿದರು. ಜಗಿಯುವ ಸ್ನಾಯುವಿನ ಬಲ ತಗ್ಗಿಸುತ್ತದೆ, ಮೂರ್ನಾಲ್ಕು ತಿಂಗಳಿಗೆ ಅದರ ಗುಣ ಇಳಿಯುತ್ತದೆ, ಆಮೇಲೆ ಮತ್ತೆ ಹಾಕಿಸಬೇಕು. ನನ್ನ ಸಂಬಳಕ್ಕೆ ಅದು ಎಟುಕುವುದಿಲ್ಲ. ಹಾಕಿಸದೇ ಇದ್ದದ್ದರ ಬಗ್ಗೆ ಇನ್ನೇನೂ ಹೇಳಲ್ಲ.

ಮಕ್ಕಳು ಹಲ್ಲು ಕಡಿದರೆ ಈ ಮೂರರಲ್ಲಿ ಯಾವುದನ್ನೂ ತರಬೇಡಿ. ಬಹಳ ಮಕ್ಕಳಿಗೆ ಬೆಳೆಯುತ್ತಾ ತಾನಾಗಿ ಹೋಗುತ್ತದೆ, ದವಡೆ ಇನ್ನೂ ಬೆಳೆಯುತ್ತಿರುತ್ತದೆ. ಡಾಕ್ಟರಿಗೆ ಒಮ್ಮೆ ತೋರಿಸಿ.

ದೂರದ ಊರಿನವರಿಗೆ, ಅರ್ಧ ದಿನ ರಜೆ ಸಿಗದವರಿಗೆ ಕಾಲೇಜಿಗೆ ಇಷ್ಟು ಸಲ ಓಡಾಡೋದು ಕಷ್ಟ, ಗೊತ್ತು. ಅಂಥವರು ತಮ್ಮೂರಿನ ಕ್ಲಿನಿಕ್ಕಿನಲ್ಲೇ ಗಟ್ಟಿ ಅಕ್ರಿಲಿಕ್‌ನದು ಮಾಡಿಕೊಡುತ್ತಾರಾ ಕೇಳಿ. ನಾನು ವಿಚಾರಿಸಿದ ಎರಡು ಕಡೆ 6,000 ಮತ್ತು 9,000 ಹೇಳಿದರು. ಅಷ್ಟು ಕೊಡೋಕೆ ಆಗುವುದಾದರೆ ಕೊಡಿ, ಆದರೆ ನೀಲಿ ಚುಕ್ಕಿ ಎರಡೂ ಕಡೆ ಸಮ ಬಿದ್ದಿರೋದನ್ನು ಕಣ್ಣಾರೆ ನೋಡದೆ ಕುರ್ಚಿಯಿಂದ ಏಳಬೇಡಿ. ಆಗದಿದ್ದರೆ ಹತ್ತಿರದ ಡೆಂಟಲ್ ಕಾಲೇಜು ಯಾವುದು ಅಂತ ವಿಚಾರಿಸಿ. ನಮ್ಮ ರಾಜ್ಯದಲ್ಲಿ ಬೇಕಾದಷ್ಟು ಇವೆ.

ಕಳೆದ ಮಾರ್ಚ್ ಈ ಗಟ್ಟಿ ಗಾರ್ಡಿನ ಜೊತೆ ಕಳೆಯಿತು. ಈ ಮಾರ್ಚ್ ಮುಗಿದ ಮೇಲೆ ಒಮ್ಮೆ ತಂದು ತೋರಿಸಿ, ಗೀರು ಎಷ್ಟು ಆಳ ಹೋಗಿದೆ ನೋಡೋಣ ಅಂದಿದ್ದಾರೆ. ಏಪ್ರಿಲ್ ಮೊದಲ ವಾರಕ್ಕೆ ಅರ್ಧ ದಿನದ ರಜೆ ಅರ್ಜಿ ಈಗಲೇ ಕೊಟ್ಟಿಟ್ಟಿದ್ದೇನೆ.